ಮುಂದಿನ ಸೀಟೋ, ಹಿಂದಿನ ಸೀಟೋ

ದಸರಾ ರಜೆ ಶುರುವಾಗಿ ಮೂರು ದಿನಕ್ಕೆ ನಮ್ಮ ಮನೆಯಲ್ಲಿ ಜಗಳ ಶುರುವಾಯಿತು. ಎಲ್ಲಿಗೆ ಹೋಗೋದು ಅಂತ. ನಮ್ಮ ಅತ್ತೆಗೆ ಇದು ಜಗಳ ಆಡುವ ವಿಷಯವೇ ಅಲ್ಲ. ತುಮಕೂರಿನವರಿಗೆ ರಜೆ ಅಂದರೆ ದೇವರಾಯನದುರ್ಗ. ಅವರ ಕಾಲದಲ್ಲೂ ಅದೇ, ಈಗಲೂ ಅದೇ.

"ನಾಮದ ಚಿಲುಮೇಲಿ ಬಂಡೆಯೊಳಗಿಂದ ನೀರು ಬರುತ್ತೆ. ಜಿಂಕೆ ಐತೆ, ಕೋತಿ ಐತೆ. ಇನ್ನೇನ್ ಬೇಕು?"

"ಅಜ್ಜಿ, ಹೋದ ವರ್ಷ ಆ ಕೋತಿ ನನ್ನ ಚಿಪ್ಸ್ ಕಿತ್ಕೊಂಡು ಹೋಯ್ತು," ಅಂದಳು ಮಗಳು ಚಿನ್ನು.

"ಅದೂ ಒಂದು ಆಟಾನೇ ಕಣೇ. ಅದಕ್ಕೆ ಟಿಕೆಟ್ ಬೇರೆ ಇಲ್ಲ."

ಇವರು ಶಿವಗಂಗೆ ಅಂದರು, ಆದರೆ ಮೆಲ್ಲಗೆ ಅಂದರು. ಅಲ್ಲಿ ಒಳಕಲ್ಲು ತೀರ್ಥ ಅಂತ ಇದೆ. ಬಂಡೆಯ ಗುಂಡಿಯೊಳಗೆ ಕೈ ಬಿಡಬೇಕು, ನೀರು ಸಿಕ್ಕರೆ ಅದೃಷ್ಟವಂತರು ಅಂತ ನಂಬಿಕೆ. ಮದುವೆಗೆ ಮುಂಚೆ ಇವರು ಕೈ ಬಿಟ್ಟಾಗ ನೀರು ಸಿಕ್ಕಿತ್ತಂತೆ. ಮದುವೆಯಾದ ವರ್ಷ ನನ್ನ ಜೊತೆ ಹೋಗಿ ಬಿಟ್ಟಾಗ ಸಿಗಲಿಲ್ಲ. ಆ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಹಾಗಾಗಿ ಶಿವಗಂಗೆ ಅಲ್ಲಿಗೇ ಬಿತ್ತು.

ಅಷ್ಟರಲ್ಲಿ ನನ್ನ ತಮ್ಮನ ಫೋನು. "ಅಕ್ಕಾ, ಪಾರ್ಕಿಗೆ ಹೋಗೋಣ. ನಾನೆಲ್ಲಾ ಪ್ಲಾನ್ ಮಾಡಿದೀನಿ."

ಬೆಂಗಳೂರಿನ ಆಚೆ, ಮೈಸೂರು ರಸ್ತೆ ಕಡೆ. ಹೆಸರು ಬೇಡ ಬಿಡಿ. ಆವತ್ತು ಆದದ್ದರಲ್ಲಿ ಪಾರ್ಕಿನವರ ತಪ್ಪು ಏನೂ ಇರಲಿಲ್ಲ.

ತಮ್ಮ ಹದಿನೈದು ದಿನದಿಂದ ಆಟಗಳ ವಿಡಿಯೋ ನೋಡಿ ಒಂದು ಟೈಮ್ ಟೇಬಲ್ ಬರೆದಿದ್ದ. ಹತ್ತೂವರೆಗೆ ರೋಲರ್ ಕೋಸ್ಟರ್. ಹನ್ನೊಂದೂ ಇಪ್ಪತ್ತಕ್ಕೆ ಗಿರಗಿರ ತಿರುಗುವ ಇನ್ನೊಂದು. ಊಟ ಒಂದು ಗಂಟೆಗೆ. ಎಸ್ಸೆಸ್ಸೆಲ್ಸಿಯಲ್ಲಿ ಹೀಗೇ ಟೈಮ್ ಟೇಬಲ್ ಹಾಕಿಕೊಂಡು ಓದಿದ್ದರೆ ಅವನ ಕಥೆ ಬೇರೆಯೇ ಇರುತ್ತಿತ್ತು.

ವಿಜಯದಶಮಿ ಮುಗಿದ ಶನಿವಾರ ಬೆಳಿಗ್ಗೆ ಅವನ ಏಳು ಸೀಟಿನ ಕಾರಲ್ಲಿ ಹೊರಟೆವು. ಆಯುಧಪೂಜೆಯ ಬಾಳೆಕಂದು ಇನ್ನೂ ಮುಂದೆ ಕಟ್ಟಿತ್ತು, ಬಾಡಿ ಹೋಗಿತ್ತು. ಬಿಚ್ಚೋ ಅಂದರೆ "ದಾರೀಲಿ ತಾನೇ ಉದುರುತ್ತೆ" ಅಂದ. ನೆಲಮಂಗಲ ದಾಟುವಷ್ಟರಲ್ಲಿ ಉದುರಿತು. ಹಿಂದೆ ಬರುತ್ತಿದ್ದ ಟೆಂಪೋದವನು ಪಕ್ಕಕ್ಕೆ ಬಂದು ಏನೋ ಹೇಳಿದ. ಗಾಜು ಹಾಕಿತ್ತು, ಕೇಳಿಸಲಿಲ್ಲ. ಬಾಯಿ ಆಡಿಸಿದ್ದು ನೋಡಿದರೆ ಕೇಳಿಸದಿದ್ದದ್ದೇ ಒಳ್ಳೇದಾಯಿತು.

ಗೇಟಿನಲ್ಲಿ ಬ್ಯಾಗು ನೋಡಿದರು. ಹೊರಗಿನ ತಿಂಡಿ ಒಳಗೆ ಬಿಡೋದಿಲ್ಲ. ಈ ನಿಯಮ ತಮ್ಮನಿಗೆ ಗೊತ್ತಿತ್ತು, ಅತ್ತೆಗೆ ಗೊತ್ತಿರಲಿಲ್ಲ. ಅವರ ಬ್ಯಾಗಿನಲ್ಲಿ ಚಿತ್ರಾನ್ನ, ಮೊಸರನ್ನ, ಒಂದು ಡಬ್ಬಿ ಕೋಡುಬಳೆ, ಹಬ್ಬದ್ದು ಉಳಿದಿದ್ದ ಹನ್ನೆರಡು ಒಬ್ಬಟ್ಟು. ಕಾರಲ್ಲಿ ಇಟ್ಟು ಬನ್ನಿ ಅಂದರು ಸೆಕ್ಯೂರಿಟಿಯವರು. ಬಿಸಿಲಿಗೆ ಮೊಸರನ್ನ ಹುಳಿ ಬರುತ್ತೆ ಅಂದರು ಅತ್ತೆ. ಹಾಗಾದರೆ ಬಿಸಾಕಿ ಅಂತ ಹಿಂದಿನಿಂದ ಯಾರೋ ಅಂದರು. ಅತ್ತೆ ಹಿಂದಕ್ಕೆ ತಿರುಗಿ ಒಂದು ಸಲ ನೋಡಿದರು ಅಷ್ಟೆ, ಆ ಮನುಷ್ಯ ಬೇರೆ ಸಾಲಿಗೆ ಹೋದ.

ಕೊನೆಗೆ ಏಳು ಜನವೂ ಕಾರಿನ ಹತ್ತಿರ ವಾಪಸ್ ಹೋಗಿ, ಡಿಕ್ಕಿ ತೆಗೆದು, ಬೆಳಿಗ್ಗೆ ಹತ್ತು ಗಂಟೆಗೆ ಮಧ್ಯಾಹ್ನದ ಊಟ ಮಾಡಿದೆವು. ಚಿತ್ರಾನ್ನವನ್ನೂ ಬಿಡಲಿಲ್ಲ, ಮೊಸರನ್ನವನ್ನೂ ಬಿಡಲಿಲ್ಲ. ಇವರು ನಾಲ್ಕು ಒಬ್ಬಟ್ಟು ತಿಂದರು, ಅದೂ ತುಪ್ಪ ಇಲ್ಲ ಅಂತ ಗೊಣಗಿಕೊಂಡು. ಅತ್ತೆ ಆ ಸೆಕ್ಯೂರಿಟಿಯವರನ್ನೂ ಕರೆದು ಎರಡು ಕೋಡುಬಳೆ ಕೊಟ್ಟರು. ಅವರು ತಿಂದರು, ಚೆನ್ನಾಗಿದೆ ಅಂದರು, ಡಬ್ಬಿ ಮಾತ್ರ ಒಳಗೆ ಬಿಡಲಿಲ್ಲ. ನಿಯತ್ತಿನ ಮನುಷ್ಯ.

ಊಟ ಮುಗಿಸಿದ ಇಪ್ಪತ್ತು ನಿಮಿಷಕ್ಕೆ ನಾವು ರೋಲರ್ ಕೋಸ್ಟರ್ ಸಾಲಿನಲ್ಲಿ ನಿಂತಿದ್ದೆವು. ಟೈಮ್ ಟೇಬಲ್ ಅಂದರೆ ಟೈಮ್ ಟೇಬಲ್.

ಅಲ್ಲಿ ಒಂದು ಕಂಬ. ಕಂಬದ ಮೇಲೆ ಒಂದು ಗೆರೆ. 140 ಸೆಂಟಿಮೀಟರ್ ಇದ್ದವರು ಮಾತ್ರ ಹತ್ತಬಹುದು. ಚಿನ್ನು ಹೋಗಿ ನಿಂತಳು. ಎರಡು ಬೆರಳು ಕಮ್ಮಿ. ಅವಳಮ್ಮ ನಾನು, ಸುಮ್ಮನಿರಲಾಗಲಿಲ್ಲ. ಪಕ್ಕಕ್ಕೆ ಕರೆದುಕೊಂಡು ಹೋಗಿ ಎರಡು ಜಡೆ ಬಿಚ್ಚಿ ನೆತ್ತಿಯ ಮೇಲೆ ಗಟ್ಟಿಯಾಗಿ ಒಂದು ತುರುಬು ಕಟ್ಟಿದೆ. ಮತ್ತೆ ನಿಲ್ಲಿಸಿದೆ. ಅಲ್ಲಿದ್ದ ಹುಡುಗ ನಗುತ್ತಲೇ ಬಂದು ತುರುಬಿನ ಮೇಲೆ ಅಂಗೈ ಇಟ್ಟು ಒತ್ತಿದ. ತುರುಬು ಕೂತಿತು. ನಮ್ಮ ಮಾನವೂ ಕೂತಿತು. ಭುಜಕ್ಕೆ ಬರುವ ಕಂಬಿ ಚಿಕ್ಕವರಿಗೆ ಸರಿಯಾಗಿ ಹಿಡಿಯೋದಿಲ್ಲ ಮೇಡಂ, ಕೂದಲಿಗೂ ಅದಕ್ಕೂ ಸಂಬಂಧ ಇಲ್ಲ ಅಂದ.

ಚಿನ್ನು ಅಳಲಿಲ್ಲ. ಅತ್ತರೆ ವಾಸಿಯಿತ್ತು. "ನಾನ್ಯಾಕೆ ಕುಳ್ಳಿ?" ಅಂತ ಕೇಳಿದಳು.

ಸಾಲು ಒಂದೂಕಾಲು ಗಂಟೆಯದು. ಆ ಒಂದು ಪ್ರಶ್ನೆಗೆ ಅಷ್ಟೂ ಹೊತ್ತು ಸಾಲಲಿಲ್ಲ. ನಮ್ಮ ಕಡೆ ಎಲ್ಲಾ ಎತ್ತರ ಅಂದರು ಇವರು. ಹೌದು ಭಾವ, ನಿಮ್ಮ ಚಿಕ್ಕಪ್ಪ ಬಸ್ಸಿನ ಮೇಲಿನ ಕಂಬಿ ಹಿಡಿಯೋಕೆ ಬ್ಯಾಗಿನ ಮೇಲೆ ನಿಲ್ತಿದ್ರಲ್ಲ ಅಂದ ತಮ್ಮ. ಅತ್ತೆ ಸಾಲಿನ ಹೊರಗೆ ಬೆಂಚಿನ ಮೇಲೆ ಕೂತು ಅಲ್ಲಿಂದಲೇ ತಮ್ಮ ಮೈದುನನ ಪರ ವಾದ ಮಾಡಿದರು. ಅವರ ಬೆಂಚಿನಲ್ಲಿ ಕೂತಿದ್ದ ಮಂಡ್ಯದ ಹೆಂಗಸೊಬ್ಬರು ಮಗುವಿಗೆ ಹಾಲು ಜಾಸ್ತಿ ಕೊಡಿ ಅಂತ ತೀರ್ಪು ಕೊಟ್ಟರು.

ಸಾಲಿನ ಬಗ್ಗೆಯೂ ಅತ್ತೆಯದು ಒಂದು ಅಭಿಪ್ರಾಯ ಇತ್ತು. "ಗೊರವನಹಳ್ಳೀಲಿ ಇಷ್ಟೊತ್ತು ನಿಂತ್ರೆ ಲಕ್ಷ್ಮಿ ದರ್ಶನ ಆದ್ರೂ ಆಗುತ್ತೆ. ಪ್ರಸಾದನೂ ಕೊಡ್ತಾರೆ. ಇಲ್ಲಿ ನಿಂತು ಏನ್ ಸಿಗುತ್ತೆ?"

"ಒಂದೂವರೆ ನಿಮಿಷ ಕಿರುಚೋಕೆ ಸಿಗುತ್ತೆ ಅಮ್ಮ," ಅಂದ ತಮ್ಮ.

"ಅದನ್ನ ಮನೇಲೇ ಮಾಡ್ತೀರಲ್ಲ."

ಕುಳ್ಳಗಿನ ವಿಷಯ ಬಿಸಿಯಾಗುತ್ತಿದ್ದದ್ದು ನೋಡಿ ತಮ್ಮ ಮಾತು ತಿರುಗಿಸಿದ. ಮುಂದೆ ಕೂರಬೇಕೋ, ಹಿಂದೆ ಕೂರಬೇಕೋ? ಅವನದು ಹಿಂದಿನ ಸೀಟಿನ ಪಕ್ಷ. "ಇದಕ್ಕೆ ಎಂಜಿನ್ನೇ ಇರಲ್ಲ ಭಾವ. ಚೈನು ಮೇಲಕ್ಕೆ ಎಳೆದು ತಂದು ಬಿಟ್ಟುಬಿಡುತ್ತೆ. ಆಮೇಲೆ ತನ್ನ ಭಾರಕ್ಕೆ ತಾನೇ ಇಳಿಯೋದು. ಮುಂದಿನ ಡಬ್ಬಿ ತುದಿ ದಾಟಿದಾಗ ಹಿಂದಿನವು ಇನ್ನೂ ಹತ್ತುತ್ತಾ ಇರ್ತವೆ. ಅದಕ್ಕೇ ಮುಂದಿನವರು ತುದೀಲಿ ನಿಧಾನ. ಕೊನೇ ಡಬ್ಬಿ ತುದಿಗೆ ಬರೋ ಹೊತ್ತಿಗೆ ಮುಂದಿನದೆಲ್ಲ ಇಳೀತಾ ಇರುತ್ತೆ, ಅದು ಎಳೆದು ಬಿಸಾಕುತ್ತೆ. ಸೀಟಿಂದ ಮೇಲಕ್ಕೆ ಎದ್ದುಬಿಡ್ತೀವಿ. ಅದೇ ಮಜಾ."

ಇವರು ಎಲ್ಲಾ ಕೇಳಿಸಿಕೊಂಡರು. "ಎಂಜಿನ್ ಇಲ್ಲ, ಸ್ಟೇರಿಂಗ್ ಇಲ್ಲ, ಡ್ರೈವರ್ ಇಲ್ಲ. ಇದಕ್ಕೆ ದುಡ್ಡು ಬೇರೆ ಕೊಟ್ಟಿದೀವಾ?" ಅಂದರು. ಆಮೇಲೆ, "ಸೀಟಿಂದ ಮೇಲಕ್ಕೆ ಏಳೋದೇ ಮಜಾ ಅಂದ್ರೆ ನಾನು ಪಾವಗಡದಲ್ಲಿದ್ದಾಗ ಮೂರು ವರ್ಷ ಬಸ್ಸಿನ ಕೊನೇ ಸೀಟಲ್ಲಿ ಓಡಾಡಿದೀನಿ ಕಣಯ್ಯ. ನಾನು ಮುಂದೇನೇ ಕೂರೋದು. ರಸ್ತೆಯಾದ್ರೂ ಕಾಣ್ಸುತ್ತೆ."

ತಮ್ಮ ಬಿಡಲಿಲ್ಲ. ಇತಿಹಾಸಕ್ಕೆ ಹೋದ. ಇದೆಲ್ಲ ಶುರುವಾದದ್ದು ರಷ್ಯಾದಲ್ಲಂತೆ. ಚಳಿಗಾಲದಲ್ಲಿ ಮರದ ಎತ್ತರದ ಜಾರುಬಂಡೆ ಕಟ್ಟಿ, ಮೇಲೆ ನೀರು ಸುರಿದು ಹೆಪ್ಪುಗಟ್ಟಿಸಿ, ಅದರ ಮೇಲೆ ಜಾರುತ್ತಿದ್ದರಂತೆ. ಅಮೆರಿಕದ ಕೋನಿ ಐಲ್ಯಾಂಡಿನಲ್ಲಿ 1884ರಲ್ಲಿ ಹಳಿಯ ಮೇಲೆ ಗಾಡಿ ಬಿಟ್ಟರು, ಗಂಟೆಗೆ ಹತ್ತು ಕಿಲೋಮೀಟರ್ ವೇಗ. ಇವರ ಮುಖ ಅರಳಿತು. "ಹತ್ತಾ? ನಮ್ಮಪ್ಪನ ಟಿವಿಎಸ್ ಫಿಫ್ಟಿ ಇದಕ್ಕಿಂತ ಜೋರಾಗಿ ಓಡ್ತಿತ್ತು." 140 ವರ್ಷದಲ್ಲಿ ವೇಗ ಎಷ್ಟಾಗಿದೆ ಅಂತ ತಮ್ಮ ಹೇಳಲಿಲ್ಲ. ಬೇಕಂತಲೇ ಹೇಳಲಿಲ್ಲ ಅಂತ ನನಗೆ ಈಗಲೂ ಅನುಮಾನ.

ನಮ್ಮ ಸರದಿ ಬಂತು. ಇವರು ಮುಂದಿನ ಸಾಲು. ತಮ್ಮ, ಅವನ ಹೆಂಡತಿ ಕೊನೆಯ ಸಾಲು. ನಾನು ಮಧ್ಯದಲ್ಲಿ. ಗಂಡನ ಮನೆಗೂ ತವರು ಮನೆಗೂ ನಡುವೆ ಕೂರೋದು ನನಗೇನೂ ಹೊಸದಲ್ಲ.

ಚೈನು ಕಟಕಟ ಅನ್ನುತ್ತಾ ಎಳೆಯಿತು. ಇವರು ಒಂದು ಸಲ ತಿರುಗಿ ನೋಡಿ ನಕ್ಕರು. ಅದು ಅವತ್ತಿನ ಕೊನೆಯ ನಗು. ತುದಿಯಲ್ಲಿ ಗಾಡಿ, ತಮ್ಮ ಹೇಳಿದ ಹಾಗೇ, ನಿಧಾನವಾಯಿತು. ಮುಂದಿನ ಸಾಲಿನವರಿಗೆ ಕೆಳಗಿನದೆಲ್ಲ ನೋಡಿಕೊಳ್ಳಲು ಬೇಕಾದಷ್ಟು ಟೈಮು ಸಿಕ್ಕಿತು. "ಅಮ್ಮಾ" ಅಂತ ಒಂದು ಕೂಗು ಕೇಳಿತು. ಪಾವಗಡದ ಮೂರು ವರ್ಷದ ಅನುಭವ ಉಪಯೋಗಕ್ಕೆ ಬರಲಿಲ್ಲ ಅಂತ ಕಾಣುತ್ತೆ. ಕೆಳಗೆ ಬೆಂಚಿನಲ್ಲಿದ್ದ ಅತ್ತೆ "ಏನ್ಲಾ" ಅಂತ ಓಗೊಟ್ಟರಂತೆ.

ಆಮೇಲಿನದು ನನಗೆ ಸರಿಯಾಗಿ ಗೊತ್ತಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ. ಇಳಿದಾಗ ಇವರು ನೆಟ್ಟಗೆ ನಡೆಯುತ್ತಿದ್ದರು, ಆದರೆ ನೆಟ್ಟಗೆ ಬೇರೆ ಕಡೆಗೆ. ಕಿವಿಯೊಳಗೆ ನೀರಿನಂಥದ್ದು ಇರುತ್ತಲ್ಲ, ನಾವು ನಿಂತರೂ ಅದು ಅಲ್ಲಾಡುತ್ತಿರುತ್ತೆ, ಕಣ್ಣು ಒಂದು ಹೇಳುತ್ತೆ, ಕಿವಿ ಒಂದು ಹೇಳುತ್ತೆ, ಅದಕ್ಕೇ ಹೀಗೆ ಅಂತ ತಮ್ಮ ವಿವರಿಸಿದ. ಇವರು ವಿವರಣೆ ಪೂರ್ತಿ ಕೇಳಲಿಲ್ಲ. ಗಿಡದ ಪೊದೆಯ ಹಿಂದೆ ಹೋದರು. ನಾಲ್ಕು ಒಬ್ಬಟ್ಟಿನ ಕಥೆ ಅಲ್ಲಿಗೆ ಮುಗಿಯಿತು.

ಅಷ್ಟಾದರೂ ನೀರಿನ ಆಟ ಬಿಡಲಿಲ್ಲ. ದುಡ್ಡು ಕೊಟ್ಟಿದ್ದೇವಲ್ಲ. ಹತ್ತಿ ಬಟ್ಟೆಯಲ್ಲಿ ನೀರಿಗೆ ಇಳಿಯುವಂತಿಲ್ಲ, ಎಳೆ ಬಿಟ್ಟುಕೊಂಡು ನೀರು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತೆ. ಇವರು ತಂದಿದ್ದದ್ದು ಪಟ್ಟೆಪಟ್ಟೆ ಹತ್ತಿ ಚಡ್ಡಿ. ಅಂಗಡಿಯಲ್ಲಿ ನೈಲಾನಿನದು ಉಳಿದಿದ್ದದ್ದು ಎರಡೇ ಸೈಜು. ಒಂದು ತಮ್ಮನ ಆರು ವರ್ಷದ ಮಗ ಪುಟ್ಟನಿಗೆ ಆಗುವಂಥದ್ದು, ಇನ್ನೊಂದು ಇವರಂಥ ಇಬ್ಬರಿಗೆ ಆಗುವಂಥದ್ದು. ದೊಡ್ಡದನ್ನೇ ಹಾಕಿಕೊಂಡು, ಸೊಂಟದ ಹತ್ತಿರ ಒಂದು ಕೈಯಲ್ಲಿ ಹಿಡಿದುಕೊಂಡು, ಅಲೆ ಬರುವ ಕೊಳಕ್ಕೆ ಇಳಿದರು.

ಅಲೆ ಬಿಡುವ ಮುಂಚೆ ಸೈರನ್ ಹೊಡೆಯುತ್ತಾರೆ. ಇವರಿಗೆ ಗೊತ್ತಿರಲಿಲ್ಲ. ಸೈರನ್ ಕೇಳಿದ್ದೇ ಏನೋ ಅನಾಹುತ ಆಯಿತು ಅಂತ ಪುಟ್ಟನನ್ನು ಕಂಕುಳಲ್ಲಿ ಎತ್ತಿಕೊಂಡು ದಡಕ್ಕೆ ಓಡಿದರು. ದಡದಲ್ಲಿದ್ದ ನೂರಾರು ಜನ ಅದೇ ಸೈರನ್ನಿಗೆ ಹೋ ಅಂತ ನೀರಿನೊಳಗೆ ಓಡಿ ಬಂದರು. ಪುಟ್ಟನನ್ನು ಹಿಡಿಯಲು ಒಂದು ಕೈ ಬೇಕಿತ್ತು, ಜನರನ್ನು ಸರಿಸಲು ಒಂದು ಕೈ ಬೇಕಿತ್ತು, ಚಡ್ಡಿಗೆ ಒಂದು ಬೇಕಿತ್ತು. ಮನುಷ್ಯನಿಗೆ ಇರೋದು ಎರಡೇ. ಇದಕ್ಕಿಂತ ಜಾಸ್ತಿ ನಾನು ಹೇಳಬಾರದು.

ಆ ಸೈರನ್ ಅತ್ತೆಗೂ ಕೇಳಿಸಿತ್ತು. ಅವರು ತಟ್ಟನೆ ಎದ್ದು ಡಬ್ಬಿ ಹುಡುಕಿದರಂತೆ. ನಮ್ಮ ಮಾವನವರು ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವರು. ಅತ್ತೆಗೆ ಸೈರನ್ ಅಂದರೆ ಇಂದಿಗೂ ಊಟದ ಹೊತ್ತು. ಡಬ್ಬಿ ಕಾರಲ್ಲಿತ್ತು, ಖಾಲಿಯಾಗಿತ್ತು. ಬೇಜಾರಾಗಿ ಮಂಡ್ಯದವರ ಹತ್ತಿರ ಇದ್ದ ಎಲೆ ಅಡಿಕೆ ಹಾಕಿಕೊಂಡರು.

ವಾಪಸ್ ಹೊರಟಾಗ ಕತ್ತಲಾಗಿತ್ತು. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನೋಣ ಅಂದಳು ತಮ್ಮನ ಹೆಂಡತಿ. ಬೆಳಗಿಂದ ಅವಳು ಆಡಿದ್ದು ಅದೊಂದೇ ಮಾತು, ಅದಕ್ಕೂ ಜಗಳವಾಯಿತು. ಕ್ಯಾತ್ಸಂದ್ರ ಪಕ್ಕದಲ್ಲಿ ಇಟ್ಟುಕೊಂಡು ಬಿಡದೀಲಿ ತಟ್ಟೆ ಇಡ್ಲಿ ತಿಂದೆವು ಅಂತ ಗೊತ್ತಾದರೆ ಊರಿಗೆ ಸೇರಿಸಲ್ಲ ಅಂದರು ಇವರು. ಖಾಲಿ ಹೊಟ್ಟೆಯಲ್ಲಿ ಕ್ಯಾತ್ಸಂದ್ರದವರೆಗೆ ಬಂದೆವು. ಹೋಟೆಲಿನಲ್ಲಿ ಕೂತು ಮೊದಲ ಇಡ್ಲಿ ಚಟ್ನಿಗೆ ಅದ್ದಿದ ಮೇಲೆ ಇವರಿಗೆ ಮತ್ತೆ ಧೈರ್ಯ ಬಂತು.

"ಮುಂದೆ ಕೂತಿದ್ದಕ್ಕೇ ಕಣಯ್ಯ ಎಲ್ಲಾ ಚೆನ್ನಾಗಿ ಕಂಡಿದ್ದು. ನಾನು ಒಂದು ಸಲನೂ ಕಣ್ಣು ಮುಚ್ಚಲಿಲ್ಲ."

"ಭಾವ, ನೀವು 'ಅಮ್ಮಾ' ಅಂದಿದ್ದು ಕೊನೇ ಸೀಟಿಗೆ ಕೇಳಿಸ್ತು."

"ಅದು ನನ್ನ ಹಿಂದಿದ್ದವನು."

ಆಗ ಚಿನ್ನು ತನ್ನ ಬ್ಯಾಗು ತೆಗೆದಳು. ನಾವೆಲ್ಲ ಮೇಲೆ ಕಿರುಚುತ್ತಿದ್ದಾಗ ಅವಳು ಇಳಿಯುವ ಕಡೆ, ಫೋಟೋ ಕೌಂಟರ್ ಹತ್ತಿರ ನಿಂತಿದ್ದಳು. ಗಾಡಿ ಬೀಳುವ ಜಾಗದಲ್ಲಿ ಕ್ಯಾಮೆರಾ ಇರುತ್ತೆ, ಆಮೇಲೆ ದುಡ್ಡು ಕೊಟ್ಟು ಫೋಟೋ ತೊಗೋಬಹುದು. ಅಜ್ಜಿ ಹಬ್ಬಕ್ಕೆ ಕೊಟ್ಟಿದ್ದ ದುಡ್ಡು ಕೊಟ್ಟು ಒಂದನ್ನು ತಂದಿದ್ದಳು. ಇವರ ಕಣ್ಣು ಮುಚ್ಚಿದೆ. ಬಾಯಿ ತೆರೆದಿದೆ. ಪಕ್ಕದ ಸೀಟಿನಲ್ಲಿ ಗುರುತಿಲ್ಲದ ಒಬ್ಬ ಕಾಲೇಜು ಹುಡುಗ, ಅವನ ಕಿವಿ ಇವರ ಕೈಯಲ್ಲಿದೆ.

ತಮ್ಮ ಇಡ್ಲಿ ಬಿಟ್ಟು ನಕ್ಕ. ಆದರೆ ಫೋಟೋದಲ್ಲಿ ಇರೋದು ಮುಂದಿನ ನಾಲ್ಕು ಸಾಲು ಮಾತ್ರ. ಕೊನೆಯ ಸಾಲಿನ ಫೋಟೋದಲ್ಲಿ ತಾನು ಕೈ ಮೇಲಕ್ಕೆತ್ತಿ ನಗುತ್ತಿದ್ದೆ ಅಂತ ಅವನು ಈಗಲೂ ಹೇಳುತ್ತಾನೆ. ಅವನ ಹೆಂಡತಿಯನ್ನು ಕೇಳಿದರೆ ಸಾರಿಗೆ ಒಗ್ಗರಣೆ ಹಾಕಬೇಕು ಅಂತ ಎದ್ದು ಹೋಗುತ್ತಾಳೆ.

ಫೋಟೋ ಈಗ ನಮ್ಮ ಫ್ರಿಜ್ಜಿನ ಬಾಗಿಲಲ್ಲಿದೆ. ಅದರ ಪಕ್ಕದ ಗೋಡೆಯಲ್ಲಿ ಚಿನ್ನು ಪೆನ್ಸಿಲಿನಲ್ಲಿ 140ಕ್ಕೆ ಒಂದು ಗೆರೆ ಎಳೆದಿದ್ದಾಳೆ, ಪ್ರತಿ ಭಾನುವಾರ ತುರುಬಿಲ್ಲದೆ ನಿಂತು ನೋಡಿಕೊಳ್ಳುತ್ತಾಳೆ. ಬೆಳಿಗ್ಗೆ ಕಾಫಿಗೆ ಹಾಲು ತೆಗೆಯಲು ಬಂದಾಗಲೆಲ್ಲ ಇವರು ಮ್ಯಾಗ್ನೆಟ್ಟನ್ನು ಸರಿಸಿ ತಮ್ಮ ಮುಖದ ಮೇಲೆ ಇಡುತ್ತಾರೆ. ಸಂಜೆ ಸ್ಕೂಲಿಂದ ಬಂದವಳು ಅದನ್ನು ಆ ಹುಡುಗನ ಮುಖದ ಮೇಲೆ ಇಡುತ್ತಾಳೆ. ಕಿವಿ ಮಾತ್ರ ಕಾಣುವ ಹಾಗೆ.