ಪೋಲಿನಲ್ಲಿ ಇಲ್ಲದ ನಾಲ್ಕನೆಯ ಉತ್ತರ

ಕಳೆದ ವರ್ಷ ಮಳೆ ಹಿಡಿಯುವ ಮೊದಲು, ಕಾಸರಗೋಡಿನ ಬದಿಯಡ್ಕ ಕಡೆಯ ನಮ್ಮ ಅಡಿಕೆ ಕೃಷಿಕರ ವಾಟ್ಸಾಪ್ ಗುಂಪಿನಲ್ಲಿ ನಾನೊಂದು ಪೋಲ್ ಹಾಕಿದ್ದೆ. "ಮೊದಲ ಸಲದ ಮದ್ದು ಬಿಟ್ಟಾಯಿತೇ?" ಎಂಬುದು ಪ್ರಶ್ನೆ, ಆಯಿತು, ಇಲ್ಲ, ಈ ವರ್ಷ ಬಿಡುವುದಿಲ್ಲ ಎಂದು ಮೂರು ಉತ್ತರಗಳು. ಕೊಳೆರೋಗ ಬಾರದಂತೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲು ಒಮ್ಮೆ, 40–45 ದಿನ ಕಳೆದು ಇನ್ನೊಮ್ಮೆ ಸಿಂಪಡಿಸಬೇಕೆಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಎಷ್ಟು ಮಂದಿಯದು ಬಾಕಿಯಿದೆಯೆಂದು ತಿಳಿದರೆ ಮೈಲುತುತ್ತನ್ನೂ ಸುಣ್ಣವನ್ನೂ ಒಟ್ಟಿಗೆ ತರಿಸಬಹುದೆಂಬುದು ನನ್ನ ಲೆಕ್ಕಾಚಾರವಾಗಿತ್ತು.

ಸಂಜೆಯಾಗುವಾಗ "ಇಲ್ಲ" ಬಹಳ ಮುಂದಿತ್ತು. ಇದು ಉದಾಸೀನವೇ ಸರಿ ಎಂದು ತೀರ್ಮಾನಿಸಿ, ಅದರ ಕೆಳಗೆ ಉದ್ದದ ಉಪದೇಶವೊಂದನ್ನೂ ಬರೆದುಬಿಟ್ಟೆ. ಮರುದಿನ ಬೆಳಿಗ್ಗೆ ಹಿರಿಯರೊಬ್ಬರ ಫೋನ್ ಬಂತು: "ಮೈಲುತುತ್ತು ತಂದಾಗಿದೆ, ಸುಣ್ಣ ಇದೆ, ಬ್ಯಾರೆಲ್ ತೊಳೆದಿಟ್ಟು ವಾರವಾಯಿತು ಮಾರಾಯ. ಮರ ಹತ್ತುವವ ಬರಬೇಕಲ್ಲ? ಅದಕ್ಕೆ ನಿನ್ನ ಪೋಲಿನಲ್ಲಿ ಎಲ್ಲಿ ಒತ್ತುವುದು?"

ಒತ್ತಲು ಜಾಗವಿರಲಿಲ್ಲ. ವಾಟ್ಸಾಪ್ 12 ಉತ್ತರಗಳಿಗೆ ಅವಕಾಶ ಕೊಡುತ್ತದೆ; ನಾನು ಮೂರಕ್ಕೇ ನಿಲ್ಲಿಸಿದ್ದೆ, ಅದೂ ನನ್ನ ತಲೆಯಲ್ಲಿ ಮೊದಲೇ ಇದ್ದ ಮೂರಕ್ಕೆ. ಮದ್ದಿನ ಕೊರತೆಯೆಂದು ನಾನು ತಿಳಿದದ್ದು ಆಳಿನ ಕೊರತೆಯಾಗಿತ್ತು. ಆ ಒಂದು ಫೋನ್ ಬಾರದೆ ಇದ್ದಿದ್ದರೆ, ಮರ ಹತ್ತುವವರನ್ನೋ ನೆಲದಲ್ಲೇ ನಿಂತು ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದದ ಕೋಲು, ಇರುವವರನ್ನೋ ಹುಡುಕುವ ಬದಲು ಯಾರಿಗೂ ಬೇಡದ ಮೈಲುತುತ್ತಿನ ಚೀಲಗಳನ್ನು ಅಂಗಳದಲ್ಲಿ ಇಳಿಸಿಕೊಂಡಿರುತ್ತಿದ್ದೆ.

ಉತ್ತರಗಳ ಪಟ್ಟಿ ಸರಿಯಿದ್ದರೂ ಹೆಸರಿನ ತೊಡಕು ಉಳಿಯುತ್ತದೆ. 2022ರಲ್ಲಿ ಬಂದ ಈ ಸೌಲಭ್ಯದಲ್ಲಿ ಯಾರು ಯಾವುದಕ್ಕೆ ಒತ್ತಿದರೆಂದು ಗುಂಪಿನವರು ತೆರೆದು ನೋಡಬಹುದು. ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳ ಗುಂಪಿನಲ್ಲಿ ಒಮ್ಮೆ "ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಸೇರಿಸುವಿರಾ?" ಎಂದು ಕೇಳಿದಾಗ "ಹೌದು" ಎಂಬುದರ ಗೆರೆ ತುಂಬಿ ತುಳುಕಿತು, ಜೂನಿನಲ್ಲಿ ಒಂದನೆಯ ತರಗತಿಯ ಬೆಂಚು ಮಾತ್ರ ತುಂಬಲಿಲ್ಲ. ಒತ್ತಿದವರೆಲ್ಲ ಸುಳ್ಳು ಹೇಳಿದರೆಂದು ನಾನು ಹೇಳಲಾರೆ. 1956ರ ನವೆಂಬರ್ 1ರಂದು ಕೇರಳದ ಪಾಲಾದ ಈ ನೆಲದಲ್ಲಿ, ಕನ್ನಡದ ಪ್ರಶ್ನೆಗೆ ಹೆಸರು ಕಾಣುವಂತೆ "ಇಲ್ಲ" ಎನ್ನಲು ಯಾರ ಬೆರಳು ಏಳುತ್ತದೆ? ಅಲ್ಲಿ ವ್ಯಕ್ತವಾದದ್ದು ಅಭಿಮಾನ. ಶಾಲೆಯವರಿಗೆ ಬೇಕಿದ್ದದ್ದು ಮಕ್ಕಳ ಸಂಖ್ಯೆ. ಇಂಥದ್ದನ್ನು ಕೇಳಲೇಬೇಕಿದ್ದರೆ ಹೆಸರು ಕಾಣದಂತೆ ಕೇಳುವ ಅನುಕೂಲ ಟೆಲಿಗ್ರಾಮಿನಲ್ಲಿದೆ. ಮನೆಗೇ ಹೋಗಿ ಚಹಾ ಕುಡಿಯುತ್ತಾ ಕೇಳುವುದು ಇನ್ನೂ ಒಳ್ಳೆಯದು.

ಸಂಖ್ಯೆ ದೊಡ್ಡದಾದರೆ ಸತ್ಯ ತಾನಾಗಿಯೇ ಹೊರಬರುತ್ತದೆಂದು ವಾದಿಸುವ ಮಿತ್ರರಿಗೆ ನಾನು 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಕಥೆಯನ್ನು ನೆನಪಿಸುವುದುಂಟು. ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಮಂದಿಗೆ ಮತಚೀಟಿ ಕಳುಹಿಸಿ, ಹಿಂದಿರುಗಿ ಬಂದ 20 ಲಕ್ಷಕ್ಕೂ ಹೆಚ್ಚು ಚೀಟಿಗಳನ್ನು ಎಣಿಸಿ ಲ್ಯಾಂಡನ್ ಗೆಲ್ಲುತ್ತಾರೆಂದಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು. ಟೆಲಿಫೋನ್, ಕಾರು ಇದ್ದವರ ಪಟ್ಟಿಗಳಿಂದಲೇ ಹೆಚ್ಚಿನ ವಿಳಾಸಗಳನ್ನು ತೆಗೆದದ್ದು ಒಂದು ತಪ್ಪು. ಚೀಟಿ ಮರಳಿಸದವರ ಮನಸ್ಸು ಮರಳಿಸಿದವರಂತೆಯೇ ಇದ್ದೀತೆಂದು ನಂಬಿದ್ದು ಇನ್ನೊಂದು.

ಆದರೂ ಪೋಲ್ ಹಾಕುವುದನ್ನು ನಾನು ಬಿಟ್ಟಿಲ್ಲ. ಸಭೆ ಶನಿವಾರವೋ ಭಾನುವಾರವೋ ಎಂದು ನಿರ್ಧರಿಸಲು ಅದಕ್ಕಿಂತ ಸುಲಭದ ದಾರಿಯಿಲ್ಲ. ಈ ವರ್ಷ ಮದ್ದಿನ ಪ್ರಶ್ನೆಗೆ "ಬೇರೆ ಕಾರಣವಿದೆ, ವಾಯ್ಸ್ ಹಾಕುತ್ತೇನೆ" ಎಂಬ ನಾಲ್ಕನೆಯ ಉತ್ತರವನ್ನು ಸೇರಿಸಿದೆ. ಒತ್ತದವರಲ್ಲಿ ಹತ್ತು ಮಂದಿಗೂ, ಒತ್ತಿದವರಲ್ಲಿ ನಾಲ್ಕೈದು ಮಂದಿಗೂ ನಾನೇ ಫೋನ್ ಮಾಡಿದೆ. "ಆಯಿತು" ಎಂದು ಒತ್ತಿದ್ದವರೊಬ್ಬರ ಮನೆಯ ಲ್ಯಾಂಡ್‌ಲೈನಿಗೆ ಮಾಡಿದಾಗ ಅವರ ತಂದೆ ಎತ್ತಿ, "ಎಲ್ಲಿ ಆಗಿದೆ? ಗುಂಪಿನಲ್ಲಿರುವುದು ಮಗನ ನಂಬರು, ಅವನು ಬೆಂಗಳೂರಿನಲ್ಲಿದ್ದಾನೆ" ಎಂದರು.