ಒಂದು ಕೆಜಿ ಇಮ್ಯುನಿಟಿ ಕೊಡಿ

2020ರಲ್ಲಿ ಕೊಯಮತ್ತೂರಿನ ಒಂದು ಸಿಹಿ ಅಂಗಡಿಯವರು ಮೂಲಿಕೆ ಮೈಸೂರು ಪಾಕ್ ಮಾಡಿದರು. ತಿಂದರೆ ಕೊರೊನಾ ವಾಸಿ, ಕೆಜಿಗೆ 800 ರೂಪಾಯಿ ಅಂತ ಜಾಹೀರಾತು ಕೊಟ್ಟರು. ಅಧಿಕಾರಿಗಳು ಬಂದು ಬೀಗ ಜಡಿದರು. ಅದೇ ವರ್ಷ ಮಧ್ಯಪ್ರದೇಶ ಸರ್ಕಾರದ ಕೈಮಗ್ಗ ನಿಗಮ ಇಮ್ಯುನಿಟಿ ಹೆಚ್ಚಿಸುವ ಸೀರೆಯನ್ನೇ ಮಾರಾಟಕ್ಕೆ ಇಟ್ಟಿತು. ಲವಂಗ, ಏಲಕ್ಕಿ, ಜಾಪತ್ರೆ, ಚಕ್ಕೆ, ಮೆಣಸು ಎಲ್ಲ ಹಾಕಿ ಹದ ಮಾಡಿದ ಬಟ್ಟೆಯಂತೆ. ಇನ್ನೊಂದು ಪಾವು ಅಕ್ಕಿ ಹಾಕಿದ್ದರೆ ಪಲಾವೇ ಆಗುತ್ತಿತ್ತು. ಬೀಗ ಬಿದ್ದದ್ದು ಮೈಸೂರು ಪಾಕಿಗೆ ಮಾತ್ರ.

ಕೊರೊನಾ ಹೋಯಿತು, ಇಮ್ಯುನಿಟಿ ಬೂಸ್ಟರ್ ಉಳಿಯಿತು. ಈಗ ಜ್ಯೂಸು, ಬಿಸ್ಕತ್ತು, ಗಮ್ಮಿ, ಎಲ್ಲದರ ಮೇಲೂ ಅದೇ ಮಾತು. ಇಮ್ಯುನಿಟಿ ಅಂದರೆ ಜಾಸ್ತಿ ಆದಷ್ಟೂ ಒಳ್ಳೆಯದು ಅಂತ ನಾವೂ ನಂಬಿಬಿಟ್ಟಿದ್ದೇವೆ.

ನಮ್ಮ ದೇಹ ಮಾತ್ರ ಅದನ್ನು ಹದ್ದುಬಸ್ತಿನಲ್ಲಿಡುವುದಕ್ಕೇ ಒದ್ದಾಡುತ್ತದೆ. ಎದೆಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ. ರೋಗಾಣುಗಳ ಜೊತೆ ಹೋರಾಡುವ ಟಿ ಕೋಶ ಎಂಬ ಬಿಳಿ ರಕ್ತಕಣಗಳಿಗೆ ಅಲ್ಲೇ ಪರೀಕ್ಷೆ. ಕೆಲಸಕ್ಕೆ ಬಾರದವು, ಸ್ವಂತ ದೇಹದ ಮೇಲೇ ಏರಿಹೋಗುವವು ಅಲ್ಲೇ ಸಾಯುತ್ತವೆ. ಪಾಸಾಗಿ ಹೊರಬರುವುದು ನೂರಕ್ಕೆ ಐದರೊಳಗೆ. (ಶಿಫಾರಸು ಪತ್ರ ನಡೆಯುವುದಿಲ್ಲ.) ಆದರೂ ಕೆಲವು ಪುಂಡ ಕೋಶಗಳು ನುಸುಳುತ್ತವೆ. ಅವನ್ನು ತಡೆಯುವುದಕ್ಕೆ ಬೇರೆಯೇ ಟಿ ಕೋಶಗಳಿವೆ. 1995ರಲ್ಲಿ ಅವನ್ನು ಗುರುತಿಸಿ ತೋರಿಸಿದವರು ಜಪಾನಿನ ಶಿಮೊನ್ ಸಕಾಗುಚಿ. 2001ರಲ್ಲಿ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್ ಫಾಕ್ಸ್‌ಪಿ3 ಎಂಬ ಜೀನ್ ಹಿಡಿದರು. ಈ ಕಾವಲು ಕೋಶಗಳು ತಯಾರಾಗಬೇಕಾದರೆ ಆ ಜೀನ್ ಬೇಕೇ ಬೇಕು. ಅದು ಕೆಟ್ಟ ಗಂಡು ಇಲಿಗಳು ಕೆಲವೇ ವಾರ ಬದುಕುತ್ತವೆ. ಅವುಗಳ ಇಮ್ಯುನಿಟಿಗೆ ಲಗಾಮೇ ಇಲ್ಲ. ನಮ್ಮ ಜಾಹೀರಾತುಗಳ ಪ್ರಕಾರ ಅವು ಪ್ರಪಂಚದ ಅತ್ಯಂತ ಆರೋಗ್ಯವಂತ ಇಲಿಗಳು!

2025ರಲ್ಲಿ ಮೂವರಿಗೂ ನೊಬೆಲ್ ಬಂತು. ಸ್ವೀಡನ್‌ನಿಂದ ಫೋನ್ ಬಂದಾಗ ಬ್ರಂಕೋ ಅದನ್ನು ಸ್ಪ್ಯಾಮ್ ಅಂದುಕೊಂಡು ಎತ್ತಲಿಲ್ಲ. ನಮ್ಮವರು ಇಮ್ಯುನಿಟಿ ಪ್ಯಾಕೇಜ್ ಮಾರುವವರ ಫೋನನ್ನು ಎತ್ತುವುದಲ್ಲದೆ, ಡಿಸ್ಕೌಂಟ್ ಎಷ್ಟು ಅಂತಲೂ ಕೇಳುತ್ತಾರೆ.

ನಿಜವಾದ ಬೂಸ್ಟರ್ ಹೇಗಿರುತ್ತದೆ ಅಂತ ನೋಡಬೇಕಾದರೆ 2006ರ ಲಂಡನ್ನಿಗೆ ಹೋಗಬೇಕು. ಟಿಜಿಎನ್1412 ಎಂಬ ಹೊಸ ಔಷಧಿಯನ್ನು ಆರು ಮಂದಿ ಆರೋಗ್ಯವಂತರಿಗೆ ಚೂರೇ ಚೂರು ಕೊಟ್ಟರು. ಟಿ ಕೋಶಗಳು ಒಟ್ಟಿಗೇ ಎದ್ದು ಕುಳಿತವು. ಕೆಲವೇ ಗಂಟೆಗಳಲ್ಲಿ ಆರೂ ಮಂದಿ ಐಸಿಯು ಸೇರಿದರು. ಜೀವ ಉಳಿಯಿತು, ಪುಣ್ಯ.

ಇಲ್ಲಿ ಅಂಥದ್ದೇನೂ ಆಗುವುದಿಲ್ಲ ಬಿಡಿ. ಹೆಚ್ಚಿನ ಗಮ್ಮಿಗಳಲ್ಲಿ ಇರುವುದು ಬಹುಪಾಲು ಸಕ್ಕರೆ ಅಷ್ಟೇ. ಆದರೆ 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ತಗೊಂಡು ಲಿವರ್ ಕೆಡಿಸಿಕೊಂಡ ಆರು ಮಂದಿಯ ವರದಿ ಪ್ರಕಟಿಸಿದರು. ದೇಹ ತನ್ನ ಲಿವರನ್ನೇ ಶತ್ರು ಅಂದುಕೊಂಡ ಲಕ್ಷಣ ಅಲ್ಲಿ ಕಂಡಿತ್ತು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅದು ಅಮೃತಬಳ್ಳಿಯೇನಾ, ಬೇರೆ ಬಳ್ಳಿಯಾ ಅಂತ ಕೇಳಿತು. ಬಳ್ಳಿಯ ಗುರುತಿನ ಬಗ್ಗೆ ಇಷ್ಟು ಕಾಳಜಿಯನ್ನು ಜನ ಕಿತ್ತು ಕುದಿಸುವ ಮೊದಲೇ ತೋರಿಸಬಹುದಿತ್ತು, ಅಲ್ವಾ?

ಮೊನ್ನೆ ಮೆಡಿಕಲ್ ಶಾಪಿನಲ್ಲಿ ಒಬ್ಬ ಹುಡುಗ ಅಮ್ಮನ ಚೀಟಿ ಕೊಟ್ಟ. ಅವರಿಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಇಮ್ಯುನಿಟಿ ಸ್ವಂತ ಕೀಲುಗಳ ಮೇಲೇ ಏರಿಹೋಗುವ ಕಾಯಿಲೆ. ವಾರಕ್ಕೊಂದು ದಿನ ಮೆಥೊಟ್ರೆಕ್ಸೇಟ್ ಮಾತ್ರೆ. ಸ್ಟ್ರಿಪ್ಪಿನ ಮೇಲೆ ಅಂಗಡಿಯವರು ಪೆನ್ನಿನಲ್ಲಿ 'ಭಾನುವಾರ ಮಾತ್ರ' ಅಂತ ಬರೆದರು. ಹುಡುಗ ಪಕ್ಕದ ಸ್ಟ್ಯಾಂಡಿನಿಂದ ಒಂದು ಇಮ್ಯುನಿಟಿ ಬೂಸ್ಟರ್ ಡಬ್ಬ ತೆಗೆದು ಅದರ ಜೊತೆಗಿಟ್ಟ.

"ಈ ಮಾತ್ರೆ ಇಮ್ಯುನಿಟಿ ಕಮ್ಮಿ ಮಾಡೋಕೆ ಕಣಪ್ಪ. ಆ ಡಬ್ಬ ಜಾಸ್ತಿ ಮಾಡೋಕೆ" ಅಂದರು ಅಂಗಡಿಯವರು.

"ಹಾಗಾದ್ರೆ ಬ್ಯಾಲೆನ್ಸ್ ಆಗುತ್ತಲ್ಲ ಅಂಕಲ್?"

ಅವರು ಒಂದು ಕ್ಷಣ ಯೋಚಿಸಿದರು. ಆಮೇಲೆ ಎರಡಕ್ಕೂ ಬಿಲ್ ಮಾಡಿದರು.