ಹನ್ನೆರಡು ಅಡಿ ದೂರದ ಫುಲ್ ಎಚ್‌ಡಿ

ಡಿವಿಡಿಯನ್ನೇ ಅಪ್‌ಸ್ಕೇಲ್ ಮಾಡಿ, ಅಂದರೆ ಕಡಿಮೆ ಚುಕ್ಕಿಗಳ ಚಿತ್ರವನ್ನು ಹೆಚ್ಚು ಚುಕ್ಕಿಗೆ ಹಿಗ್ಗಿಸಿ ನೋಡಿದರೆ ಸಾಕು, ಹೆಚ್ಚು ವಿವರ ಹಿಡಿಯುವ ಬ್ಲೂ-ರೇ ಡಿಸ್ಕಿಗೆ ದುಡ್ಡು ಸುರಿಯುವವರು ಬೆಪ್ಪರು ಎಂದು ಒಂದು ಪಂಗಡ. ಡಿವಿಡಿ ಕಂಡರೇ ಕಣ್ಣುರಿ ಎಂದು ಇನ್ನೊಂದು. 2008ರ ಫೆಬ್ರವರಿಯಲ್ಲಿ ತೋಷಿಬಾ ಕೈಚೆಲ್ಲಿ, ಅದರ ಎಚ್‌ಡಿ ಡಿವಿಡಿ ಎಂಬ ಎದುರಾಳಿ ಡಿಸ್ಕಿಗೂ ಬ್ಲೂ-ರೇಗೂ ಇದ್ದ ಯುದ್ಧ ಮುಗಿಯಿತು. ಈ ಜಗಳ ಮಾತ್ರ ಮುಗಿದಿಲ್ಲ. ಒಂದು ವಿಷಯದಲ್ಲಿ ಎರಡೂ ಪಂಗಡಕ್ಕೆ ಒಗ್ಗಟ್ಟಿದೆ. ಸೋಫಾದಿಂದ ಟೀವಿಗೆ ಎಷ್ಟು ಅಡಿ ಎಂದು ಯಾರೂ ಟೇಪು ಹಿಡಿಯುವುದಿಲ್ಲ.

ಹಿಡಿದರೆ ಮರ್ಯಾದೆ ಹೋಗುತ್ತದೆ. 43 ಇಂಚಿನ ಪರದೆಯ ಎತ್ತರ ಸುಮಾರು 53 ಸೆಂಟಿಮೀಟರ್. ಚೆನ್ನಾಗಿರುವ ಕಣ್ಣು ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲಿನಷ್ಟು ಸಣ್ಣದನ್ನು ಬಿಡಿಸಿ ನೋಡಬಲ್ಲದು. ಈ ಲೆಕ್ಕದಲ್ಲಿ ಡಿವಿಡಿ ಚಿತ್ರದ 576 ಅಡ್ಡ ಗೆರೆಗಳು ಹತ್ತೂವರೆ ಅಡಿಯವರೆಗೆ ಬಿಡಿಯಾಗಿ ಕಾಣುತ್ತವೆ, ಬ್ಲೂ-ರೇಯ ಫುಲ್ ಎಚ್‌ಡಿ ಚಿತ್ರದ 1080 ಗೆರೆಗಳು ಐದೂವರೆ ಅಡಿಯವರೆಗೆ. ಅದರ ಇಮ್ಮಡಿ ಗೆರೆಗಳಿರುವ 4ಕೆಯ ಪೂರ್ತಿ ಫಲ ಬೇಕೆಂದರೆ ಮೂರಡಿಯೊಳಗೆ ಕೂರಬೇಕು. ನಮ್ಮ ಹಾಲುಗಳಲ್ಲಿ ಟೀವಿ ಒಂದು ಗೋಡೆಗೆ, ಸೋಫಾ ಎದುರು ಗೋಡೆಗೆ, ನಡುವೆ ಟೀಪಾಯಿ, ಹನ್ನೆರಡು ಅಡಿ. ಅಲ್ಲಿಂದ 4ಕೆಯವನಿಗೂ ಡಿವಿಡಿಯವನಿಗೂ ಕಾಣುವ ವಿವರ ಹೆಚ್ಚುಕಡಿಮೆ ಒಂದೇ. ಇಎಂಐ ಮಾತ್ರ ಬೇರೆ.

ಹಾಗಂತ ಅಪ್‌ಸ್ಕೇಲ್ ಪಂಗಡ ಬೀಗಬೇಕಾಗಿಲ್ಲ. ಪಾಲ್ (ನಮ್ಮ ಕಡೆಯ ಟೀವಿ ಪದ್ಧತಿ) ಡಿವಿಡಿಯ ಒಂದು ಚಿತ್ರದಲ್ಲಿ 720 ಗುಣಿಸು 576, ಅಂದರೆ 4,14,720 ಚುಕ್ಕಿ. ಫುಲ್ ಎಚ್‌ಡಿಯಲ್ಲಿ 20,73,600, ಸರಿಯಾಗಿ ಐದು ಪಟ್ಟು. ಮಿಕ್ಕ ನಾಲ್ಕು ಪಟ್ಟನ್ನು ಪ್ಲೇಯರಿನ ಚಿಪ್ಪು ಅಕ್ಕಪಕ್ಕದ ಚುಕ್ಕಿ ನೋಡಿ ಊಹಿಸಿ ತುಂಬುತ್ತದೆ. ಒಂದು ಲೀಟರ್ ಹಾಲಿಗೆ ನಾಲ್ಕು ಲೀಟರ್ ನೀರು. ಹೊಯ್ಯುವವನ ಕೈ ನಾಜೂಕಾಗಿದ್ದರೆ ಕುಡಿಯುವವರಿಗೆ ತಕ್ಷಣ ತಿಳಿಯುವುದಿಲ್ಲ. ನಾಯಕಿಯ ಮುಖ ಪರದೆ ತುಂಬಾ ಇದ್ದಾಗ ಎರಡೂ ಒಂದೇ ಅನ್ನಿಸುತ್ತದೆ. ಜಾತ್ರೆಯ ದೃಶ್ಯ ಬರಲಿ: ಬ್ಲೂ-ರೇಯಲ್ಲಿ ಹಿಂದಿನ ಸಾಲಿನವನಿಗೂ ಮೀಸೆ ಇರುತ್ತದೆ, ಡಿವಿಡಿಯಲ್ಲಿ ಮುಖವೇ ಇರುವುದಿಲ್ಲ.

ಇನ್ನು ಪ್ಲೇಯರನ್ನು ಟೀವಿಗೆ ಜೋಡಿಸುವ ಆ ಹಳದಿ ವೈರು. ಪ್ಲೇಯರಿನ ಹಣೆಯ ಮೇಲೆ ‘1080ಪಿ ಅಪ್‌ಸ್ಕೇಲಿಂಗ್’ ಎಂಬ ಚಿನ್ನದ ಬಣ್ಣದ ಸ್ಟಿಕರ್. ಹಿಂದೆ ಹಳದಿ, ಕೆಂಪು, ಬಿಳಿ ಪಿನ್ನು. ಹಳದಿ ವೈರಿನಲ್ಲಿ ಹೋಗುವುದು 576 ಗೆರೆಯ ಇಂಟರ್‌ಲೇಸ್ (ಒಂದು ಬಿಟ್ಟು ಒಂದು ಗೆರೆಯಂತೆ ಎರಡು ಕಂತಿನಲ್ಲಿ ಬರುವ) ಚಿತ್ರ ಮಾತ್ರ, ಅದೂ ಹೊಳಪು ಬಣ್ಣ ಎರಡೂ ಕಲಸಿ. ಪ್ಲೇಯರಿನ ಅಪ್‌ಸ್ಕೇಲಿಂಗ್ ಬೇಕೆಂದರೆ ಎಚ್‌ಡಿಎಂಐ ಕೇಬಲ್ ಬೇಕು. ಸ್ಟಿಕರ್ ಮಾತ್ರ ವೈರು ಯಾವುದಿದ್ದರೂ ಹೊಳೆಯುತ್ತದೆ.

‘ಒಂದೇ ಡಿಸ್ಕಿನಲ್ಲಿ ಮೂರು ಸೂಪರ್ ಹಿಟ್’ ಎಂಬ ಪರಂಪರೆಯನ್ನೂ ಮರೆಯಬಾರದು. ಎರಡೂವರೆ ತಾಸಿನ ಮೂರು ಚಿತ್ರಗಳನ್ನು 4.7 ಜಿಬಿಯ ಡಿಸ್ಕಿಗೆ ತುರುಕಿದರೆ ಸೆಕೆಂಡಿಗೆ ದಕ್ಕುವುದು ಸುಮಾರು 1.4 ಮೆಗಾಬಿಟ್ ಮಾಹಿತಿ. ಡಿವಿಡಿಗಿಂತ ಹಿಂದಿನ ವಿಸಿಡಿಗೂ ಇದ್ದದ್ದು ಅಷ್ಟೇ, ಅದೂ ಕಾಲುಭಾಗ ಚುಕ್ಕಿಗಳಿಗೆ. ಡಿವಿಡಿಯಲ್ಲಿ ಚಿತ್ರಕ್ಕೇ 9.8ರವರೆಗೆ, ಬ್ಲೂ-ರೇಯಲ್ಲಿ 40ರವರೆಗೆ ಅವಕಾಶವಿದೆ. ಇಂಥ ಡಿಸ್ಕಿನಲ್ಲಿ ಕುಣಿತ ಶುರುವಾದರೆ ಸೆರಗಿನ ಅಂಚು ಹಲ್ಲುಹಲ್ಲಾಗಿ ಸೀಳುತ್ತದೆ, ಹಿಂದಿನ ಗುಡ್ಡ ಚೌಕಚೌಕವಾಗುತ್ತದೆ. ಅದು ಹನ್ನೆರಡು ಅಡಿಯಿಂದಲೂ ಕಾಣುತ್ತದೆ. ಇದನ್ನು ಅಪ್‌ಸ್ಕೇಲ್ ಮಾಡಿದರೆ ಚೌಕಗಳೂ ಫುಲ್ ಎಚ್‌ಡಿಗೆ ಬಡ್ತಿ ಪಡೆಯುತ್ತವೆ.

ನಿಜವಾಗಿ ಹೋಲಿಸಬೇಕಾದವರಿಗೆ ಹತ್ತು ನಿಮಿಷದ ಕೆಲಸ. ಒಂದೇ ಚಿತ್ರದ ಎರಡು ಡಿಸ್ಕು, ಒಂದೇ ಪ್ಲೇಯರು, ಎಚ್‌ಡಿಎಂಐ. ಪಿಕ್ಚರ್ ಮೋಡನ್ನು ‘ವಿವಿಡ್’ನಿಂದ ‘ಸಿನಿಮಾ’ಕ್ಕೆ ಇಳಿಸಿ. ಶಾರ್ಪ್‌ನೆಸ್ ಶೂನ್ಯಕ್ಕೆ, ಕೆಲವು ಬ್ರಾಂಡುಗಳಲ್ಲಿ 50 ಅಂದರೇ ಶೂನ್ಯ, ಅಕ್ಷರಗಳ ಸುತ್ತ ಬಿಳಿ ಅಂಚು ಮಾಯವಾಗುವವರೆಗೆ ಇಳಿಸಿದರೆ ಸರಿ. ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಆನ್ ಮಾಡಿ, ಇಲ್ಲದಿದ್ದರೆ ಟೀವಿ ಚಿತ್ರದ ಅಂಚು ಕತ್ತರಿಸಿ ಮಿಕ್ಕದ್ದನ್ನು ಮತ್ತೆ ಹಿಗ್ಗಿಸುತ್ತದೆ. ದೂರದ ಶಾಟ್ ಒಂದರಲ್ಲಿ, ಕೊನೆಯ ಸಣ್ಣಕ್ಷರದ ಹೆಸರುಗಳಲ್ಲಿ ‘ಪಾಜ್’ ಒತ್ತಿ. ಆರಡಿಯಿಂದ ನೋಡಿ, ಆಮೇಲೆ ಸೋಫಾದಿಂದ. ಇಷ್ಟು ಸುಲಭ ಇರುವುದರಿಂದಲೇ ಯಾರೂ ಮಾಡುವುದಿಲ್ಲ; ಮಾಡಿದರೆ ವಾದಕ್ಕೆ ಏನುಳಿಯುತ್ತದೆ?

ಡಿಸ್ಕುಗಳ ಕಾಲ ಮುಗಿದರೂ ಅಪ್‌ಸ್ಕೇಲ್ ವಿದ್ಯೆ ಸಾಯಲಿಲ್ಲ, ಯೂಟ್ಯೂಬಿಗೆ ವಲಸೆ ಹೋಯಿತು. ಎಪ್ಪತ್ತರ ದಶಕದ ಹಾಡು, ತಲೆಬರಹದಲ್ಲಿ ‘4ಕೆ ರಿಮಾಸ್ಟರ್ಡ್’. ರಿಮಾಸ್ಟರ್ ಅಂದರೆ 35 ಎಂಎಂ ನೆಗೆಟಿವ್ ಹುಡುಕಿ, ತೊಳೆದು, ಫ್ರೇಮ್ ಫ್ರೇಮ್ ಆಗಿ ಸ್ಕ್ಯಾನ್ ಮಾಡುವ ಕೆಲಸ. ಹಾಗೆ ಮಾಡಿದರೆ ಡಿವಿಡಿಯಲ್ಲಿ ಇಲ್ಲದ ವಿವರ ಖಂಡಿತ ಸಿಗುತ್ತದೆ. ಇಲ್ಲಿ ಆಗಿರುವುದು ಡಿವಿಡಿಯನ್ನು ಸಾಫ್ಟ್‌ವೇರಿಗೆ ಹಾಕಿ ಇಪ್ಪತ್ತು ಪಟ್ಟು ಊದಿಸಿದ್ದು. ಇಪ್ಪತ್ತರಲ್ಲಿ ಹತ್ತೊಂಬತ್ತು ಚುಕ್ಕಿ ಕಲ್ಪಿತ, ನಟನ ಕೆನ್ನೆ ಮೇಣ ಸವರಿದ ಹಾಗೆ ನುಣುಪು, ಮೂಲೆಯಲ್ಲಿ ಹಳೆಯ ಡಿವಿಡಿ ಕಂಪನಿಯ ಲೋಗೋ ಕೂಡ 4ಕೆ. ಕೆಳಗೆ ಪ್ರತಿಕ್ರಿಯೆ: ‘ಏನ್ ಕ್ಲಾರಿಟಿ ಗುರೂ, ಥಿಯೇಟರಲ್ಲಿ ಕೂತಂಗಿದೆ!’ ಬರೆದವರ ಫೋನಿನಲ್ಲಿ ಡೇಟಾ ಸೇವರ್ ಆನ್ ಆಗಿದೆ, ಓಡುತ್ತಿರುವುದು 360ಪಿ.